ಫೀಫಿಯ ಪಾಲಿನ ಸಾಲುಗಳು

ಫೀಫಿಯ ಶವವಿಟ್ಟಿದ್ದ ಅಂಗಳಕ್ಕೆ ಕ್ವಾಮೆನಾ ಬರುವಷ್ಟರಲ್ಲಿ ಶಾಮಿಯಾನದ ಕೆಳಗಿನ ಕುರ್ಚಿಗಳೆಲ್ಲ ತುಂಬಿದ್ದವು. ಸಾಲ್ಟ್‌ಪಾಂಡ್ ಊರಿಗೆ ಊರೇ ಸಾವಿಗೆ ಉಡುವ ಕೆಂಪು ಕಪ್ಪು ಬಟ್ಟೆಯುಟ್ಟು ಬಂದಿತ್ತು. ಬರದೆ ಏನು? ಒಬ್ಬನೇ ಕೂತು ಕೆಂಕೆ ಕಡುಬು ತಿಂದವನಲ್ಲ ಫೀಫಿ. ಇದ್ದದ್ದು ಒಂದೇ ಮೀನಾದರೂ ದಾರಿಹೋಕರನ್ನು ಕೂಗಿ ಕೂರಿಸಿಕೊಳ್ಳುತ್ತಿದ್ದ.

ಇಬ್ಬರೂ ಮೂವತ್ತು ವರ್ಷ ಒಂದೇ ನಾಟಕ ಮಂಡಳಿಯಲ್ಲಿದ್ದವರು. ಫೀಫಿಯದು ಹೆಣ್ಣುವೇಷ, ಕ್ವಾಮೆನಾನದು ಕೋಡಂಗಿ. ಫೀಫಿ ತಲೆಗೆ ಬಟ್ಟೆ ಸುತ್ತುವ ಚಂದ ನೋಡಿ ಮರುದಿನ ಪೇಟೆಯ ಹೆಂಗಸರೂ ಹಾಗೇ ಸುತ್ತಿಕೊಂಡು ಬರುತ್ತಿದ್ದರು. ಮಂಡಳಿಯಲ್ಲಿ ಬರೆದಿಡುವ ರೂಢಿಯಿರಲಿಲ್ಲ. ಯಜಮಾನ ಬಾಯಲ್ಲಿ ಹೇಳಿಕೊಡುತ್ತಿದ್ದ. ತಂತಮ್ಮ ಪಾಲನ್ನಷ್ಟೇ ಕಲಿಯಬೇಕು, ಇನ್ನೊಬ್ಬನದನ್ನು ಕಲಿತರೆ ಅವನ ಅನ್ನ ಕಸಿದಂತೆ. ಫೀಫಿ ಹಾಡುವಾಗ ಕ್ವಾಮೆನಾ ಮುಖ ಸೊಟ್ಟಗೆ ಮಾಡಿ ಜನರನ್ನು ನಗಿಸುತ್ತಿದ್ದ. ಸಾಲಿನ ಕೊನೆಯ ಪದ ಕಿವಿಗೆ ಬಿದ್ದರೆ ಸಾಕು, ಅವನ ಉತ್ತರ ತಾನಾಗಿ ಬರುತ್ತಿತ್ತು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಫೀಫಿ ಕ್ವಾಮೆನಾನ ಕೈ ಹಿಡಿದುಕೊಂಡಿದ್ದ. “ನನ್ನ ಮಣ್ಣು ಮಾಡೋ ದಿನ ನಮ್ಮ ದೋಣಿ ಹಾಡು ಹಾಡ್ಬೇಕು ನೀನು. ಪೂರ್ತಿ.”

“ಆಯ್ತು ಕಣೇ ಹೆಂಡ್ತಿ” ಎಂದಿದ್ದ ಕ್ವಾಮೆನಾ, ರಂಗದ ಮೇಲೆ ಕರೆಯುತ್ತಿದ್ದಂತೆಯೇ. ನಿನ್ನ ಪಾಲು ಕಲಿಸು ಎನ್ನಲು ನಾಲಗೆ ಏಳಲಿಲ್ಲ. ಹಾಗೆಂದರೆ ನೀನು ಸಾಯುತ್ತೀಯ ಎಂದಂತೆಯೇ ಅಲ್ಲವೆ?

ಫೀಫಿಯ ಮಗಳು ಅರಬಾ ಬಂದಳು. “ಚಿಕ್ಕಪ್ಪ, ಪೆಟ್ಟಿಗೆ ಮುಚ್ಚೋಕೆ ಮುಂಚೆ ಹಾಡಿಬಿಡಿ. ಮಂಡಳಿಯವರು ಅಂತ ಉಳಿದಿರೋದು ನೀವೊಬ್ಬರೇ.”

“ಅವನ ಪಾಲು ನಂಗೆ ಬರಲ್ಲ ಮಗಳೇ.”

“ಮೂವತ್ತು ವರ್ಷ ಪಕ್ಕದಲ್ಲೇ ನಿಂತವರು! ಸಾವಿನ ಮನೇಲೂ ನಿಮ್ಮ ತಮಾಷೆ ಬಿಡಲ್ವಲ್ಲ.”

ಸಾವಿನ ಮನೆಗೆಂದು ಕರೆಸಿದ್ದ ಗಿಟಾರಿನವನು ತಂತಿ ಮೀಟಿದ. ಕಡಲಿಗೆ ಹೊರಟ ಗಂಡನನ್ನು ಹೆಂಡತಿ ಪ್ರಶ್ನೆ ಕೇಳುವ ಹಾಡು ಅದು. ಪ್ರಶ್ನೆಗಳು ಫೀಫಿಯ ಪಾಲು, ಉತ್ತರಗಳು ಕ್ವಾಮೆನಾನವು. ಮೊದಲ ಪ್ರಶ್ನೆಯ ಹೊತ್ತು ಸುಮ್ಮನೆ ಸರಿದುಹೋಯಿತು. ಕ್ವಾಮೆನಾ ಪೆಟ್ಟಿಗೆಯ ಕಡೆ ನೋಡಿ ಹಾಡಿದ: “ಮಳೆಗೆ ಮುಂಚೆ ಬರ್ತೀನಿ.” ಮತ್ತೆ ಮೌನ. “ಇಲ್ಲ, ಅವಳ ಹೆಸರೇ ಗೊತ್ತಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ನೋಡ್ರೋ, ಮುದುಕ ಮರೆತೋದವನ ಥರ ಆಡ್ತಿದಾನೆ.”

ಅಂಗಳವೇ ನಕ್ಕಿತು. ಮಾತು ಮರೆತವನಂತೆ ಪೆಚ್ಚಾಗಿ ನಿಲ್ಲುವುದು ಮಂಡಳಿಯ ಕಾಲದಲ್ಲಿ ಕೋಡಂಗಿಯ ದೊಡ್ಡ ಆಟವಾಗಿತ್ತು. ಮೊದಲೆರಡು ಉತ್ತರ ಹೇಗೋ ನೆನಪಿದ್ದವು, ಮೂರನೆಯದು ಫೀಫಿಯ ಕೊನೆಯ ಪದ ಕೇಳದೆ ಬಾಯಿಗೆ ಬರುವಂತಿರಲಿಲ್ಲ. ಕ್ವಾಮೆನಾ ಕಾದ. ಗಿಟಾರು ಅದೇ ಜಾಗವನ್ನು ಮೂರು ಸಲ ಸುತ್ತಿ ಬಂತು. ಬರುವುದಿಲ್ಲ, ನಿಜವಾಗಿಯೂ ಬರುವುದಿಲ್ಲ ಎಂದು ಅವನು ತಲೆಯಾಡಿಸಿದ. ಅದಕ್ಕೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಲ್ಲುವ ಮೊದಲೇ ಪೆಟ್ಟಿಗೆ ಮುಚ್ಚಿದರು.

ಅರಬಾ ಕಣ್ಣೊರೆಸಿಕೊಳ್ಳುತ್ತ ಬಂದು ಕುರ್ಚಿ ಎಳೆದುಕೊಟ್ಟಳು. “ಅಪ್ಪ ಇದ್ದಿದ್ರೆ ಎಷ್ಟು ನಗ್ತಿದ್ರೋ. ನಾಳೆ ಚರ್ಚಿನ ಪ್ರಾರ್ಥನೆ ಆದ್ಮೇಲೂ ಇದನ್ನೇ ಮಾಡಿ ಚಿಕ್ಕಪ್ಪ. ಹೀಗೇ, ಮರೆತುಬಿಡಿ.”

“ಆಯ್ತು ಮಗಳೇ” ಎಂದ ಕ್ವಾಮೆನಾ.