ಉಗ್ಗುವ ಫೈಲು

ಟೀವಿಯ ಹಿಂದೆ ಕೈ ತೂರಿಸಿ ಅಕ್ಕ ಪೆನ್‌ಡ್ರೈವನ್ನು ಕಿತ್ತುಕೊಂಡಳು. ಪರದೆಯ ಮೇಲೆ ಅರ್ಧ ಬಾಯಿ ತೆರೆದು ನಿಂತಿದ್ದ ತಮ್ಮ ಮಾಯವಾದ. ಅದೇ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ ತಮ್ಮ ಮಾತ್ರ ಉಳಿದ.

"ಯಾಕತ್ತೆ ತೆಗೆದ್ರಿ? ಇನ್ನೊಂದ್ಸಲ ಹಾಕಿ ನೋಡ್ಬಹುದಿತ್ತು," ಎಂದಳು ತಮ್ಮನ ಮಗಳು.

"ಮೂರು ಸಲ ಹಾಕಿದ್ದಾಯ್ತಲ್ಲೇ. ಮೂರು ಸಲವೂ ಎಳೆದೆಳೆದು ಅಲ್ಲೇ ಬಂದು ನಿಂತ್ಕೊಳ್ತು. ಫೈಲು ಉಗ್ಗುತ್ತಾ ಇದೆ."

ಸುತ್ತ ಕುರ್ಚಿಗಳಲ್ಲಿ ಕೂತಿದ್ದವರು ಮುಖ ಮುಖ ನೋಡಿಕೊಂಡರು. ಸತ್ತವನು ಹುಟ್ಟಾ ಉಗ್ಗ. ಅವನ ಹೆಣದ ಪಕ್ಕದಲ್ಲೇ ನಿಂತು ಒಡಹುಟ್ಟಿದವಳು ಆಡುವ ಮಾತೇ ಇದು? ಅವರಿಗೇನು ಗೊತ್ತು! ವಿಡಿಯೊ ತಡೆತಡೆದು ಓಡುವುದಕ್ಕೆ ಉಗ್ಗು ಎಂದು ಹೆಸರಿಟ್ಟವನೇ ಅವನು. ಇಬ್ಬರೂ ನಡೆಸುತ್ತಿದ್ದ ವಿಡಿಯೊ ಅಂಗಡಿಗೆ ಅಂಥ ಫೈಲು ಬಂದಾಗಲೆಲ್ಲ, "ಅಕ್ಕಾ, ಇದು ನ... ನಮ್ಮ ವಂಶದ್ದು," ಎಂದು ನಗುತ್ತಿದ್ದ.

ಬೆಳಿಗ್ಗೆ ಅಪ್ಪನದೊಂದು ಒಳ್ಳೆಯ ಫೋಟೊ ಹುಡುಕಲು ಮಗಳು ಅಂಗಡಿಗೆ ಹೋಗಿದ್ದಳು. ಅಲ್ಲಿನ ಕಂಪ್ಯೂಟರಿನಲ್ಲಿ ಫೋಟೊ ಸಿಗಲಿಲ್ಲ, ಈ ಫೈಲು ಸಿಕ್ಕಿತು. ಹೆಸರು 'ಅಕ್ಕನಿಗೆ'. ತೆಗೆದದ್ದು ಮೊನ್ನೆ ಸಂಜೆ. ನಿನ್ನೆ ಬೆಳಗಾಗುವಷ್ಟರಲ್ಲಿ ಅವನ ಎದೆಬಡಿತ ನಿಂತುಹೋಗಿತ್ತು. ಅಂಗಡಿಯಲ್ಲೇ ಹಾಕಿ ನೋಡಿದಾಗಲೂ ಫೈಲು ಮುಗ್ಗರಿಸಿತ್ತು. ಮನೆಯ ಟೀವಿಯಲ್ಲಾದರೂ ಓಡೀತು ಎಂದು ಹುಡುಗಿ ತಂದಿದ್ದಳು.

ಟೀವಿಯಲ್ಲಿ ಕಂಡದ್ದು ಇಷ್ಟು. ತಮ್ಮ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಕೂತಿದ್ದಾನೆ. "ಅಕ್ಕಾ, ಈ ಕ್ಯಾ... ಕ್ಯಾಮೆರಾ ಬಾಯಿ ಹಾಕಲ್ಲ. ಅದಕ್ಕೇ ಇದರ ಹತ್ರ ಹೇಳ್ತಿದೀನಿ. ನಾನು ನಿನ್ನ ಮೇಲೆ ಕೋ... ಕೋಪ ಮಾಡ್ಕೊಂಡಿ..." ಅಷ್ಟೇ. ಚಿತ್ರ ಕಲ್ಲಾಗುತ್ತದೆ.

ಮಾಡ್ಕೊಂಡಿದ್ದೀನಿ ಎಂದನೋ, ಮಾಡ್ಕೊಂಡಿಲ್ಲ ಎಂದನೋ? ಸಾಯುವ ಮುಂಚೆ ಮೂರು ದಿನ ಅವನು ಅಕ್ಕನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಇಲ್ಲ ಅಂತಲೇ ಇರುತ್ತೆ ಬಿಡಮ್ಮ," ಎಂದರು ಚಿಕ್ಕಪ್ಪ. "ಸಾಯೋ ಹೊತ್ತಲ್ಲಿ ಯಾರಾದ್ರೂ ಅಕ್ಕನ ಮೇಲೆ ಕೋಪ ಇಟ್ಕೋತಾರಾ?"

"ಅವನಿಗೇನು ಗೊತ್ತಿತ್ತು ಚಿಕ್ಕಪ್ಪ, ಸಾಯ್ತೀನಿ ಅಂತ?"

ಅಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಳು. ಮಗಳ ಫೋನಿನಲ್ಲಿ ಫೈಲು ತೆರೆದುಕೊಂಡೇ ಇರಲಿಲ್ಲ, ಭಾನುವಾರವಾದ್ದರಿಂದ ಬೇರೆ ವಿಡಿಯೊ ಅಂಗಡಿಗಳಿಗೆಲ್ಲ ಬೀಗ. ಫೈಲು ಸರಿಮಾಡಲು ಉಳಿದದ್ದು ಸ್ವಂತ ಅಂಗಡಿಯೊಂದೇ.

"ಹೆಣ ಮನೇಲಿಟ್ಕೊಂಡು ಅಂಗಡಿ ಬಾಗಿಲು ತೆಗೀತಾಳಂತೆ," ಎಂದು ಯಾರೋ ಪಿಸುಗುಟ್ಟಿದರು.

ಗಂಡನ ಕಾಲ ಬಳಿ ಕೂತಿದ್ದ ತಮ್ಮನ ಹೆಂಡತಿ ತಲೆ ಎತ್ತಿದಳು. "ಹೋಗ್ಬನ್ನಿ ಅಕ್ಕ. ಮೂರಕ್ಕೆ ಗಾಡಿ ಬರುತ್ತೆ, ಅಷ್ಟರೊಳಗೆ ಬನ್ನಿ. ನನಗೂ ಕೇಳ್ಬೇಕು."

*

ಐದು ದಿನಗಳ ಹಿಂದೆ ಒಬ್ಬ ಮುದುಕಿ ಹಳೆಯ ವಿಡಿಯೊ ಟೇಪೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಗಂಡ ಹೋಗಿ ಹನ್ನೊಂದು ವರ್ಷವಾಗಿದೆ, ಅವನ ದನಿ ಇರುವುದು ಇದೊಂದರಲ್ಲೇ, ಹೊಸ ಟೀವಿಯಲ್ಲಿ ನೋಡುವ ಹಾಗೆ ಮಾಡಿಕೊಡಿ ಎಂದಳು.

ಅಂಗಡಿಗೆ ಬಾಯಿ ಅಕ್ಕ, ಕೈ ತಮ್ಮ. ಗಿರಾಕಿಗಳೊಂದಿಗೆ ಮಾತಾಡುವುದು, ರಸೀತಿ ಬರೆಯುವುದು, ತಡವಾದರೆ ಸಮಾಧಾನ ಹೇಳುವುದು ಅವಳ ಪಾಲು. ಒಳಕೋಣೆಯಲ್ಲಿ ಕೂತು ಟೇಪು, ಫೈಲುಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವುದು ಅವನ ಪಾಲು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಅದಕ್ಕೂ ಮುಂಚೆ, ಶಾಲೆಯಲ್ಲಿ ಮೇಷ್ಟ್ರು ಅವನನ್ನು ಹೆಸರು ಕೇಳಿದರೆ ಪಕ್ಕದ ಕ್ಲಾಸಿನಿಂದ ಇವಳು ಓಡಿಬಂದು ಹೇಳುತ್ತಿದ್ದಳು. ಅವನು ಒಂದಕ್ಷರ ಹಿಡಿದು ಒದ್ದಾಡುವಾಗ ಉಳಿದ ಮಾತನ್ನು ಮುಗಿಸಿಕೊಡುವುದು ಪ್ರೀತಿ ಎಂದೇ ಅವಳು ನಂಬಿದ್ದಳು. ಪ್ರೀತಿಯೂ ಹೌದು, ಆತುರವೂ ಹೌದು. ಕಾಯುವುದೆಂದರೆ ಅವಳಿಗೆ ಬರೀ ಮೈಗೆ ಇರುವೆ ಬಿಟ್ಟ ಹಾಗೆ. ಪಕ್ಕದ ಟೈಲರು ಅವಳಿಗೆ 'ರೇಡಿಯೋ' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಆವತ್ತು ತಮ್ಮ ಟೇಪು ಹಾಕಿ ನೋಡಿ, ಹೊರಗೆ ಬಂದು, ಕೌಂಟರಿನ ಅಂಚು ಹಿಡಿದು ನಿಂತ.

"ಅಮ್ಮಾ, ಇದು ಅ... ಅಳಿ... ಅಳಿಸಿ..."

"ಅಳಿಸಿ ಹೋಗಿದೆಯಂತೆ ಅಮ್ಮ," ಎಂದಳು ಅಕ್ಕ, ಮರುಕದ ದನಿಯಲ್ಲಿ. "ಹಳೇ ಟೇಪು ಅಲ್ವಾ, ಏನ್ಮಾಡೋಕಾಗುತ್ತೆ."

ಮುದುಕಿ ಟವೆಲನ್ನು ಮಡಚಿದಳು. "ಹಾಗಾದ್ರೆ ಅದನ್ನ ನೀವೇ ಎಸೆದ್ಬಿಡಿ," ಎಂದು ಮೆಟ್ಟಿಲಿಳಿದಳು.

ತಮ್ಮನ ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿತು. ತಲೆ ಅಡ್ಡಡ್ಡ ಆಡಿಸುತ್ತ, ಬಾಯಿ ಬಿಡುತ್ತ, ಮುಚ್ಚುತ್ತ, ಅವಳ ಹಿಂದೆ ಬೀದಿಗೆ ಓಡಿದ. ಬಸ್ಸು ಹೊರಟಿತ್ತು. ರಸೀತಿ ಬರೆದಿರಲಿಲ್ಲ. ಹೆಸರಿಲ್ಲ, ಫೋನ್ ನಂಬರಿಲ್ಲ. ಬೀದಿಯ ನಡುವೆ ನಿಂತು ಅವನು ಕೊನೆಗೂ ಆ ಮಾತನ್ನು ಹೊರಹಾಕಿದ. "...ಲ್ಲ! ಅಳಿಸಿಲ್ಲ!"

ನಮ್ಮ ಭಾಷೆಯ ಗುಣವೇ ಹಾಗೆ, ಇದೆಯೋ ಇಲ್ಲವೋ ಎಂಬುದು ಮಾತಿನ ಬಾಲದಲ್ಲಿರುತ್ತದೆ. ಬಾಲದವರೆಗೆ ಕಾಯುವ ವ್ಯವಧಾನ ಅಕ್ಕನಿಗೆ ಯಾವತ್ತೂ ಇರಲಿಲ್ಲ. ತಮ್ಮ ಒಳಗೆ ಬಂದವನು ಅವಳತ್ತ ನೋಡದೆ ಒಳಕೋಣೆಯ ಬಾಗಿಲು ಹಾಕಿಕೊಂಡ.

*

ಅಂಗಡಿಯ ಒಳಕೋಣೆಯಲ್ಲಿ ಕಂಪ್ಯೂಟರು ಬಿಸಿಯಾಗಿ ಮೊರೆಯುತ್ತಿತ್ತು. ಗಂಟೆ ಒಂದೂಕಾಲು. ಅಕ್ಕ ತಮ್ಮನ ಕುರ್ಚಿಯ ತುದಿಯಲ್ಲಿ ಕೂತು ಫೈಲು ತೆರೆದಳು. ಚಿತ್ರ ಎರಡು ಹೆಜ್ಜೆ ನಡೆದು ಒಂದು ಕಡೆ ನಿಲ್ಲುತ್ತಿತ್ತು, ಮತ್ತೆ ನೆಗೆಯುತ್ತಿತ್ತು. ಕೋಪ ಮಾಡ್ಕೊಂಡಿ... ಮತ್ತೆ ಕಲ್ಲು.

ಅವನು ಕೆಲಸ ಮಾಡುವಾಗ ಗೊಣಗುತ್ತಿದ್ದುದೆಲ್ಲ ಇವಳ ಕಿವಿಗೆ ಬಿದ್ದೇ ಇತ್ತು. ಮೊದಲು ಪೆನ್‌ಡ್ರೈವಿನಿಂದ ಓಡಿಸಬೇಡ, ಮಿಷನ್ನಿಗೆ ಇಳಿಸಿಕೊ. ಇಳಿಸಿದ ಮೇಲೂ ಉಗ್ಗಿದರೆ ಫೈಲನ್ನು ಬೈಯಬೇಡ, ಮಿಷನ್ನು ಇನ್ನೇನು ಹೊತ್ತುಕೊಂಡಿದೆ ನೋಡು. "ಉಗ್ಗೋದು ಬಾಯಿ ತಪ್ಪಲ್ಲ ಅಕ್ಕಾ, ಹೊ... ಹೊರೆ ಜಾಸ್ತಿ," ಎನ್ನುತ್ತಿದ್ದ.

ಅವಳು ಪರದೆಯ ಕೆಳಗಡೆ ಮಡಚಿ ಕೂತಿದ್ದ ಕಿಟಕಿಯೊಂದನ್ನು ತೆರೆದಳು. ಮೊನ್ನೆ ಸಂಜೆಯಿಂದ ಒಂದು ಕೆಲಸ ಇನ್ನೂ ನಡೆಯುತ್ತಲೇ ಇತ್ತು. ಮೂಲೆಯ ಪುಟ್ಟ ಚೌಕದಲ್ಲಿ ಒಬ್ಬ ಮುದುಕ ಜಗಲಿಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ. ಮುದುಕಿಯ ಟೇಪು. ಒಂದೊಂದೇ ಚಿತ್ರದ ಕಲೆ ತೊಳೆದು ತೊಳೆದು ಕಂಪ್ಯೂಟರು ಹೊಸದು ಮಾಡುತ್ತಿತ್ತು. ನೂರಕ್ಕೆ ತೊಂಬತ್ತಾರು ಮುಗಿದಿದೆ, ಉಳಿದಿರುವುದು ಒಂದು ಗಂಟೆ ಇಪ್ಪತ್ತು ನಿಮಿಷ ಎಂದು ಕೆಳಗೆ ಬರೆದಿತ್ತು.

"ಇದೇ ಎಲ್ಲ ಶಕ್ತಿ ಹೀರ್ಕೊಳ್ತಿರೋದು," ಎಂದಳು ಜೊತೆಗೆ ಬಂದಿದ್ದ ತಮ್ಮನ ಮಗಳು. "ನಿಲ್ಲಿಸ್ಬಿಡಿ ಅತ್ತೆ. ಆಮೇಲೆ ಮತ್ತೆ ಹಾಕಿದ್ರಾಯ್ತು."

"ಮತ್ತೆ ಹಾಕೋರು ಯಾರೇ? ಇದನ್ನ ಯಾವ ಲೆಕ್ಕದಲ್ಲಿ ಹಾಕಿದಾನೋ, ಅದು ಅವನ ತಲೇಲಿತ್ತು."

ಆದರೂ ಅವಳ ಬೆರಳು ಅಲ್ಲಿಗೇ ಹೋಯಿತು. 'ಕೆಲಸ ರದ್ದು ಮಾಡಬೇಕೇ?' ಎಂದು ಪರದೆ ಕೇಳಿತು. ಹೌದು ಎಂದರೆ ಐದೇ ನಿಮಿಷದಲ್ಲಿ ತಮ್ಮನ ಮಾತು ಕೇಳಬಹುದು. ಗಾಡಿ ಬರುವ ಮೊದಲೇ ಮನೆ ಸೇರಬಹುದು. ಆ ಮುದುಕಿ ಹೇಗೂ ಆಸೆ ಬಿಟ್ಟು ಹೋದವಳು, ಯಾರಿಗೆ ತಿಳಿಯಬೇಕು? ಅಕ್ಕ ಎದ್ದಳು, ಕೂತಳು, ಮತ್ತೆ ಎದ್ದಳು. ಚೌಕದೊಳಗಿನ ಮುದುಕ ಕಿತ್ತಳೆಯ ಒಂದು ತೊಳೆಯನ್ನು ಕ್ಯಾಮೆರಾ ಹಿಡಿದವರ ಕಡೆ ಚಾಚಿದ.

ಅವಳು 'ಬೇಡ' ಒತ್ತಿದಳು.

"ಮೂರಕ್ಕೆ ಗಾಡಿ ಅತ್ತೆ!"

"ನಿಮ್ಮಮ್ಮಂಗೆ ಫೋನ್ ಮಾಡಿ ಹೇಳು. ಗಾಡಿಯೋನಿಗೆ ಟೀ ಕೊಡ್ಸಿ ಅಂತ."

ಆ ಒಂದು ಗಂಟೆ ಇಪ್ಪತ್ತು ನಿಮಿಷವನ್ನು ಅವಳು ಹೇಗೆ ಕಳೆದಳೋ! ತಾಳಿದವನು ಬಾಳಿಯಾನು ಎಂದು ಗಾದೆ ಕಟ್ಟಿದವನು ಕಂಪ್ಯೂಟರಿನ ಮುಂದೆ ಕೂತು ನೋಡಬೇಕಿತ್ತು. ಕೌಂಟರು ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು. ತೊಂಬತ್ತೇಳು. ಬೆಳಿಗ್ಗೆ ಮಗಳು ಷಟರಿಗೆ ಅಂಟಿಸಿದ್ದ 'ಇಂದು ರಜೆ' ಚೀಟಿಯ ಕೆಳಗೆ ದೊಡ್ಡ ರಟ್ಟು ಇಟ್ಟು, ದಪ್ಪ ಪೆನ್ನಿನಲ್ಲಿ ಬರೆದು ಅಂಟಿಸಿದಳು: 'ಟವೆಲಿನಲ್ಲಿ ಟೇಪು ತಂದಿದ್ದ ಅಮ್ಮ, ಅಳಿಸಿಲ್ಲ. ಬನ್ನಿ.'

ಬಾಗಿಲಲ್ಲಿ ನಿಂತು ಟೈಲರು ಅದನ್ನು ಎರಡು ಸಲ ಓದಿದ. "ಇವತ್ತೂ ಕೆಲಸನಾ ರೇಡಿಯೋ?" ಎಂದವನು ಅವಳ ಮುಖ ನೋಡಿ ತನ್ನ ಅಂಗಡಿಗೆ ಹೋದ. ಒಂದು ಲೋಟ ನೀರು ತಂದುಕೊಟ್ಟು, "ಅವನು ಇಲ್ಲದೆ ನನ್ನ ಗೋಡೆ ಈಕಡೆಯಿಂದ ಸದ್ದೇ ಇಲ್ಲ ಕಣಕ್ಕ," ಎಂದ. ಆಗ ಅಕ್ಕ ಅತ್ತಳು. ಎರಡು ದಿನದಿಂದ ಓಡಾಡಿಕೊಂಡೇ ಇದ್ದವಳಿಗೆ ಅಳಲು ಈಗ ಪುರುಸೊತ್ತು ಸಿಕ್ಕಿತ್ತು.

ಎರಡೂ ಮುಕ್ಕಾಲಿಗೆ ಮುದುಕಿಯ ಕೆಲಸ ಮುಗಿಯಿತು. ಮೊರೆತ ಇಳಿದು ಕೋಣೆ ತಣ್ಣಗಾಯಿತು. ತಮ್ಮನ ಗೊಣಗಾಟ ನೆನೆದು, ಮನೆಯ ಟೀವಿ ತಾಳುವ ಹಾಗೆ ಅವನ ಫೈಲಿನ ಭಾರ ಇಳಿಸಿ, ಸೆಕೆಂಡಿಗೆ ಇಷ್ಟೇ ಚಿತ್ರ ಎಂದು ಕಟ್ಟು ಹಾಕಿ, ಬೇರೆ ರೂಪಕ್ಕೆ ಬದಲಾಯಿಸಲು ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು.

"ಇಲ್ಲೇ ಒಂದ್ಸಲ ನೋಡ್ಬಿಡಿ ಅತ್ತೆ," ಎಂದಳು ಮಗಳು. "ಎಲ್ಲರೆದುರು ಏನಾದ್ರೂ ಬೈದಿದ್ರೆ?"

ಅಕ್ಕನ ಕೈ ತಡೆಯಿತು. ಅವಳಿಗೆ ಹೆದರಿಕೆಯಿತ್ತು, ಬಹಳ ಇತ್ತು. "ನಿಮ್ಮಮ್ಮನೂ ಕೇಳ್ಬೇಕು ಅಂದಳಲ್ಲೇ," ಎಂದು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ನಡೆದಳು.

*

ಗಾಡಿ ಬಂದು ನಿಂತಿತ್ತು. ಚಿಕ್ಕಪ್ಪ ಗಡಿಯಾರ ನೋಡುತ್ತ ಮೆಟ್ಟಿಲ ಮುಂದೆ ಶತಪಥ ಹಾಕುತ್ತಿದ್ದರು. "ಏನಮ್ಮ ಇದು, ನಿನಗೆ ತಮ್ಮನಿಗಿಂತ ಅಂಗಡಿ ಹೆಚ್ಚಾಯ್ತಾ?"

"ಐದು ನಿಮಿಷ ಚಿಕ್ಕಪ್ಪ," ಎಂದು ಅವಳು ನೇರ ಟೀವಿಯ ಹಿಂದಕ್ಕೆ ಹೋದಳು.

ತಮ್ಮ ಪರದೆಯ ಮೇಲೆ ಬಂದ. ಈ ಸಲ ಎಳೆತವಿಲ್ಲ, ನೆಗೆತವಿಲ್ಲ. ಕ್ಯಾಮೆರಾ ಬಾಯಿ ಹಾಕಲ್ಲ ಎಂದ. ಅದಕ್ಕೇ ಇದರ ಹತ್ರ ಹೇಳ್ತಿದೀನಿ ಎಂದ. "ನಾನು ನಿನ್ನ ಮೇಲೆ ಕೋ... ಕೋಪ ಮಾಡ್ಕೊಂಡಿ..."

ನಿಂತಿತು.

"ಅಯ್ಯೋ, ಮತ್ತೆ ಅಲ್ಲೇ!" ಎಂದು ನಡುಮನೆಯಲ್ಲಿದ್ದವರೆಲ್ಲ ಉಸಿರು ಬಿಟ್ಟರು. "ಇಷ್ಟು ಹೊತ್ತು ಏನ್ ಮಾಡಿದ್ಯಮ್ಮ?" ಎಂದರು ಚಿಕ್ಕಪ್ಪ.

ಅಕ್ಕ ಪರದೆಯ ಹತ್ತಿರ ಹೋದಳು. ತಮ್ಮನ ಹಿಂದೆ ಗೋಡೆಯ ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ಕ್ಯಾಲೆಂಡರಿನ ಹಾಳೆ ಏಳುತ್ತಿತ್ತು, ಬೀಳುತ್ತಿತ್ತು. ಅವನ ಕುತ್ತಿಗೆಯ ನರ ಉಬ್ಬಿತ್ತು, ತುಟಿ ಅದುರುತ್ತಿತ್ತು.

"ಫೈಲು ಸರಿಯಾಗೇ ಇದೆ," ಎಂದಳು. "ಅವನು ಹೇಳ್ತಾ ಇದಾನೆ. ಇರಿ."

"ಇಲ್ಲ ಅಂತಾನೇ ಕಣಮ್ಮ, ಮಾಡ್ಕೊಂಡಿಲ್..." ಎಂದು ಚಿಕ್ಕಪ್ಪ ಶುರುಮಾಡಿದರು.

"ಶ್! ಬಾಯಿ ಹಾಕ್ಬೇಡಿ."

ಅವಳ ನಾಲಿಗೆಯ ತುದಿಯಲ್ಲೂ ಅದೇ ಮಾತು ಕುಣಿಯುತ್ತಿತ್ತು. ಕೆಳತುಟಿ ಕಚ್ಚಿಕೊಂಡು ನಿಂತಳು. ತಮ್ಮನ ಹೆಂಡತಿ ಎದ್ದು ಬಂದು ಅವಳ ಪಕ್ಕ ನಿಂತಳು.

"...ದ್ದೀನಿ," ಎಂದ ತಮ್ಮ. ಉಸಿರೆಳೆದುಕೊಂಡು, "ತು... ತುಂಬಾ," ಎಂದ.

ಚಿಕ್ಕಪ್ಪ ನೆಲ ನೋಡಿದರು. ತಮ್ಮನ ಹೆಂಡತಿಯ ಗಂಟಲಿನಿಂದ ನಗುವೋ ಅಳುವೋ ತಿಳಿಯದ ಸದ್ದೊಂದು ಬಂತು. ಅಕ್ಕನಿಗೆ ಕೆನ್ನೆಗೆ ಬಿಗಿದ ಹಾಗಾಯಿತು. ಆದರೂ, ಐವತ್ತು ವರ್ಷದಲ್ಲಿ ಮೊದಲ ಸಲ ಅವನು ಒದ್ದಾಡಿದ ಒಂದು ಮಾತನ್ನು ಬಾಯಿ ಹಾಕದೆ ಬಾಲದವರೆಗೆ ಕೇಳಿದ್ದಳು. ನೋವಿನ ಜೊತೆಗೇ ಅವಳಿಗೆ ಹೆಮ್ಮೆಯಾಯಿತು.

ಪರದೆಯ ಮೇಲೆ ತಮ್ಮ ಹಣೆ ಒರೆಸಿಕೊಂಡ. ಗೆದ್ದವನ ಹಾಗೆ ಕಂಡ. "ನಾ... ನಾಳೆ ಮಾತಾಡ್ತೀನಿ," ಎಂದು ಎದ್ದ. ಕ್ಯಾಮೆರಾ ಆರಿಸುವುದನ್ನು ಮರೆತು ಪಕ್ಕಕ್ಕೆ ಸರಿದು ಹೋದ.

ಗಾಡಿಯವನು ಬಾಗಿಲಲ್ಲಿ ಇಣುಕಿದ. "ಎತ್ತೋಣ್ವಾ?"

"ಇನ್ನೂ ನಲವತ್ತು ಸೆಕೆಂಡು ಇದೆ," ಎಂದಳು ಮಗಳು.

ಗಾಡಿಯವನೂ ಬಾಗಿಲಲ್ಲೇ ನಿಂತು ನೋಡಿದ. ಅವನು ಎದ್ದುಹೋದ ರಭಸಕ್ಕೆ ಖಾಲಿ ಕುರ್ಚಿ ಪರದೆಯ ತುಂಬ ತಿರುಗುತ್ತಿತ್ತು, ಎಲ್ಲೂ ತಡೆಯದೆ, ನಿಧಾನಕ್ಕೆ, ಇನ್ನೂ ನಿಧಾನಕ್ಕೆ.