ಮೋರಿಗಿಟ್ಟ ಕೂಳಿ

ಶಿರಾಲಿಯ ಹತ್ತಿರದ ಹಳ್ಳ ದಾಟಲು ಇದ್ದ ಮರದ ಸಂಕ ತೆಗೆಸಿ, ಆ ಜಾಗದಲ್ಲಿ ಸಿಮೆಂಟಿನ ಕೊಳವೆಯಿಟ್ಟು ಮೋರಿ ಕಟ್ಟಿಸಿದವನು ನಾನೇ, ಓವರ್‌ಸಿಯರ್ ಕೃಷ್ಣಾನಂದ. ಯುದ್ಧಕಾಲದಲ್ಲಿ ಸಿಮೆಂಟು ಸಿಗುವುದೆಂದರೆ ಏನೆಂದು ನನ್ನನ್ನು ಕೇಳಬೇಕು. ಬೇಡಿ, ಕಾಡಿ, ಮೇಲಿನವರ ಕಾಲು ಹಿಡಿದು ತಂದದ್ದು. ಮಳೆಗಾಲ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ, ಮೋರಿಯಲ್ಲಿ ನೀರು ಹೋಗುವುದಿಲ್ಲ, ರಸ್ತೆಯ ಮೇಲ್ಗಡೆ ಹೊನ್ನಿಯ ಸಸಿಮಡಿ ಮುಳುಗುತ್ತಿದೆ ಎಂದು ಭಟ್ಕಳದ ನನ್ನ ಕಚೇರಿಗೆ ದೂರು ಬಂತು.

ಸೈಕಲ್ಲು ತುಳಿದುಕೊಂಡು ಹೋದೆ. ಹೊನ್ನಿ ಗಂಡ ಸತ್ತವಳು. ವರ್ಷದ ಅನ್ನಕ್ಕೆ ಇರುವುದು ಅದೊಂದು ಗದ್ದೆ. ನೆಟ್ಟಿಗೆಂದು ಬೆಳೆಸಿದ ಭತ್ತದ ಸಸಿಯ ತುದಿಯಷ್ಟೇ ನೀರಿನ ಮೇಲೆ ಕಾಣುತ್ತಿತ್ತು.

"ನಿಮ್ಮ ಮೋರಿ ನನ್ನ ಹೊಟ್ಟೆ ಮೇಲೆ ಹೊಡೀತು ಸಾಯ್ಬ್ರೇ. ಸಂಕ ಇದ್ದಾಗ ಹೀಂಗೆ ಆಗ್ತೇ ಇರ್ಲಿಲ್ಲ" ಎಂದು ಊರವರ ಮುಂದೆಯೇ ನನ್ನ ಮರ್ಯಾದೆ ಕಳೆದಳು.

ಬಗ್ಗಿ ನೋಡಿದರೆ ಕೊಳವೆಯ ಬಾಯಿಗೆ ಅಳತೆ ತೆಗೆದು ಹೆಣೆದಂತೆ ಒಂದು ಬಿದಿರಿನ ಕೂಳಿ! ಮೊದಲ ಮಳೆಗೆ ಗದ್ದೆಗೆ ಹತ್ತಿಬರುವ ಮೀನು ಹಿಡಿಯಲು ಇಟ್ಟದ್ದು. ತರಗೆಲೆ, ಕಸ ಎಲ್ಲ ಅದಕ್ಕೇ ಮೆತ್ತಿಕೊಂಡಿತ್ತು. ಅಗಲದ ಸಂಕದಡಿ ಕೂಳಿಯಿಟ್ಟರೆ ಪಕ್ಕದಲ್ಲಿ ನೀರು ಹೋಗುತ್ತಿತ್ತು. ಕೊಳವೆಯಲ್ಲಿ ಪಕ್ಕ ಎಲ್ಲಿಂದ ಬರಬೇಕು?

"ತೆಗೀರೋ ಅದನ್ನ!" ಎಂದೆ. ಒಬ್ಬರೂ ಅಲುಗಲಿಲ್ಲ.

"ಅದು ಅಣ್ಣಪ್ಪಂದು. ಇಟ್ಟವ್ನೇ ತೆಗೀಬೇಕು. ಮತ್ತೊಬ್ರ ಕೂಳಿ ಮುಟ್ಟೂದು ನಮ್ಮಲ್ಲಿ ಇಲ್ಲ" ಎಂದ ಪಕ್ಕದ ಗದ್ದೆಯ ಪಾಂಡು.

"ಎಲ್ಲಿದ್ದಾನೆ ಅವನು?"

"ಕುಮಟೆಗೆ, ಮಗಳ ಮನೆಗೆ. ನಾಳೆ ನಾಡಿದ್ದು ಬರ್ತ."

ನನ್ನ ತಲೆ ಕೆಟ್ಟಿತು. ಸಸಿ ಕಳೆದುಕೊಳ್ಳುವವಳಾದರೂ ತೆಗೆಯಬಾರದೇ ಎಂದು ಹೊನ್ನಿಯನ್ನು ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು ಕೈ ಮುಂದೆ ಮಾಡಲಿಲ್ಲ. ಕೊನೆಗೆ ನಾನೇ ಹಳ್ಳಕ್ಕಿಳಿದು ಕೂಳಿಯನ್ನು ಕಿತ್ತೆಸೆದೆ. ನೀರು ಧೋ ಎಂದು ಹರಿಯಿತು. ಅದನ್ನು ಕಂಡು ಎಷ್ಟು ಹಿಗ್ಗಿದೆನೋ!

ಮುಂದಿನ ದೊಡ್ಡ ಮಳೆಗೆ ಮತ್ತೆ ದೂರು. ಹೋಗಿ ನೋಡಿದರೆ ಕೊಳವೆಯಲ್ಲಿ ಒಂದರ ಹಿಂದೊಂದು ಮೂರು ಕೂಳಿ. ಸಸಿಯ ತುದಿಯೂ ಕಾಣಿಸಲಿಲ್ಲ.

"ಇದೆಂಥದೋ ಪಾಂಡು?" ಎಂದು ಕಿರುಚಿದೆ.

"ನೀವೇ ಕಿತ್ತಾಕಿದ್ರಲ್ಲ ಸಾಯ್ಬ್ರೇ. ಇನ್ನು ಆ ಜಾಗ ಅಣ್ಣಪ್ಪಂದೂ ಅಲ್ಲ, ಯಾರದ್ದೂ ಅಲ್ಲ. ಯಾರು ಬೇಕಾದ್ರೂ ಇಡ್ಲಕ್ಕು."

ಹಲ್ಲು ಕಚ್ಚಿ ನೀರಿಗಿಳಿದು ಎರಡು ಕಿತ್ತೆ. ಮೂರನೆಯದಕ್ಕೆ ಕೈ ಹಾಕುವಾಗ ಹೊನ್ನಿ ಇಳಿದುಬಂದು ಅಡ್ಡ ನಿಂತಳು.

"ಅದು ಬೇಡ. ಅದು ನಂದು."

"ನಿನ್ನ ಸಸಿಯನ್ನು ನೀನೇ ಮುಳುಗಿಸಿದೆಯಾ?"

"ನಾ ಇಡದಿದ್ರೂ ಅವ್ರು ಇಡ್ತಿದ್ರು. ಸಸಿ ಹೋತು ಸಾಯ್ಬ್ರೇ. ಮೀನಾದ್ರೂ ಸಿಗ್ಲಿ."

ಸೊಂಟದವರೆಗಿನ ನೀರಿನಲ್ಲಿ ನಿಂತು ಚಾಚಿದ ಕೈ ಹಿಂದೆಗೆದುಕೊಂಡೆ. ಆ ಕೂಳಿಯನ್ನು ಕೀಳಲು ನನಗೂ ಮನಸ್ಸು ಬರಲಿಲ್ಲ.