ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು

ಜುಲೈನ ಮೊದಲ ಮೂರು ವಾರಗಳಲ್ಲಿ ಹುಲಿಕಲ್‌ನಲ್ಲಿ ಹತ್ತೊಂಬತ್ತು ದಿನ ಒಂದೇ ಅಳತೆಯ ಮಳೆ ಬಿದ್ದಿತ್ತು. ದಿನಕ್ಕೆ 99.9 ಮಿಲಿಮೀಟರ್. ಸಾಗರದಲ್ಲಿ ಮಳೆ ಮಾಹಿತಿ ಕಲೆಹಾಕುವ ಸಂಸ್ಥೆಯವರು ಅಳತೆಗಾರ ಕೆರಿಯಪ್ಪನಿಗೆ ನೋಟಿಸು ಕಳಿಸಿದರು: ನೀವು ಮನೆಯೊಳಗೆ ಕೂತು ಅಂಕಿ ಹಾಕುತ್ತಿರುವಂತಿದೆ, ಆಗಸ್ಟ್‌ನಿಂದ ಮಳೆಮಾಪಕ ಬೇರೆಯವರಿಗೆ.

ಎಂಟು ದಿನ ತಡವಾಗಿ ಅದರ ಪ್ರತಿ ಹೊಸನಗರದ ಸಮತಾಳಿಗೆ ಬಂತು. ಅಳತೆಗಾರರು ದಿನಾ ಮೊಬೈಲಿನಿಂದ ಅಂಕಿ ತುಂಬುವ ಸಂಸ್ಥೆಯ ವೆಬ್‌ಸೈಟ್ ಮಾಡಿಕೊಟ್ಟವಳು ಅವಳು. ಹೊಸ ಅಳತೆಗಾರನ ಹೆಸರು ಸೇರಿಸಬೇಕಿತ್ತು.

ಹೆಸರು ಸೇರಿಸುವ ಮೊದಲು ಅವಳು ಅಂಕಿಗಳು ಸೇರುವ ಡೇಟಾಬೇಸ್ ಟೇಬಲ್ ತೆರೆದು ನೋಡಿದಳು. ಮಳೆಯ ಕಾಲಂನಲ್ಲಿ ಮೂರೇ ಅಂಕಿಗೆ ಜಾಗ, ಅದರಲ್ಲೊಂದು ದಶಾಂಶಕ್ಕೆ. ಹಿಂದೊಮ್ಮೆ ಚಳ್ಳಕೆರೆ ಕಡೆಯವರಿಗೆ ಮಾಡಿದ ಟೇಬಲನ್ನೇ ನಕಲು ಮಾಡಿದ್ದಳು. ಮಳೆ ಕಡಿಮೆಯ ಆ ಸೀಮೆಗೆ ಅಷ್ಟು ಸಾಕಾಗಿತ್ತು. ಹುಲಿಕಲ್ ಪಟ್ಟಿಗೆ ಸೇರಿದ್ದು ಈ ವರ್ಷ. ದೊಡ್ಡ ಅಂಕಿ ಬಂದರೆ ಡೇಟಾಬೇಸ್ ಬೇಡವೆನ್ನಬೇಕಿತ್ತು. ಹಳೆಯ ಸೆಟ್ಟಿಂಗಿನಲ್ಲಿ ಅದು ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಅಂಕಿ, 99.9, ಬರೆದುಕೊಂಡು ಸುಮ್ಮನಾಗುತ್ತಿತ್ತು.

ಕಾಲಂ ಅಗಲ ಮಾಡಲು ಅರ್ಧ ನಿಮಿಷ ಸಾಕಾಯಿತು. ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಿಜವಾದ ಮಳೆಯ ಅಂಕಿ ಟೇಬಲಿನಲ್ಲಿ ಎಲ್ಲೂ ಉಳಿದಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹುಲಿಕಲ್‌ಗೆ ಹೋದಳು.

"ಇವ್ರು ಮಳೆ ಕದ್ದಾರೆ ಅಂತ ಊರೆಲ್ಲ ಸುದ್ದಿ," ಎಂದಳು ಕೆರಿಯಪ್ಪನ ಹೆಂಡತಿ ದುಗ್ಗಮ್ಮ, ಮಣೆ ಕೊಡುತ್ತ. "ಕದಿಯೋಕೆ ಬೇರೆ ಎಂತದೂ ಸಿಗ್ಲಿಲ್ವಾ ಅಂತ ಕೇಳ್ತಾರೆ."

ಕೆರಿಯಪ್ಪ ನೋಟ್‌ಬುಕ್ ತಂದಿಟ್ಟ. ಹದಿನಾಲ್ಕನೇ ತಾರೀಖು: 287.2. ಪಕ್ಕದಲ್ಲಿ ಹದಿನಾಲ್ಕು ಗೀಟು.

"ಅಳತೆ ಗ್ಲಾಸಿಗೆ ಇಪ್ಪತ್ತೇ ಮಿಲಿಮೀಟರ್ ಹಿಡಿಯೋದು. ಒಂದೊಂದು ಸಲ ತುಂಬಿದಾಗ್ಲೂ ಒಂದು ಗೀಟು. ಮಧ್ಯ ಇವ್ಳು ಮಾತಾಡ್ಸಿದ್ರೆ ಲೆಕ್ಕ ತಪ್ತದೆ."

"ತಪ್ಪು ನಂದು ಕೆರಿಯಪ್ಪನೋರೆ. ನೂರು ಮುಟ್ಟಿದ್ದು ಹಿಡಿಸದ ಹಾಗೆ ಮಾಡಿಟ್ಟಿದ್ದೆ."

"ನಾನ್ ಹಾಕಿದ್ದು?"

"ಹಿಡಿಸಿದಷ್ಟು ಇಟ್ಕೊಂಡು ಬಾಕಿ ಚೆಲ್ಲಿದೆ."

"ಹಾಕಿದ ಕೂಡ್ಲೆ ಧನ್ಯವಾದ ಅಂತ ತೋರಿಸ್ತಿತ್ತಲ್ಲ."

"ಅದನ್ನೂ ನಾನೇ ಬರೆದಿದ್ದು."

ಸಿಗ್ನಲ್ ಇದ್ದದ್ದು ಕಿಟಕಿಯ ಹತ್ತಿರ ಮಾತ್ರ. ಅಲ್ಲಿ ಕೂತು ಅವಳು ಹತ್ತೊಂಬತ್ತು ದಿನಗಳ ಅಂಕಿ ತಿದ್ದಿದಳು. ಹಳೆಯ ಅಂಕಿ ತಿದ್ದಿದರೆ ಕಾರಣ ಬರೆಯಲೇಬೇಕು. ಅದೂ ಅವಳದೇ ನಿಯಮ. 'ಕಾಲಂ ಸಾಲಲಿಲ್ಲ, ತಪ್ಪು ಸಮತಾಳದು' ಎಂದು ಪ್ರತಿ ಸಾಲಿಗೂ ಹಾಕಿದಳು. ನೋಟಿಸಿನ ನಂತರದ ಎಂಟು ದಿನಗಳಿಗೆ ಬಂದಾಗ ಕೈ ನಿಂತಿತು. ವೆಬ್‌ಸೈಟಿನಲ್ಲಿ 84.2, 91.6, 77.5. ನೋಟ್‌ಬುಕ್ಕಿನಲ್ಲಿ ಒಂದೂ ನೂರೈವತ್ತಕ್ಕೆ ಕಡಿಮೆಯಿರಲಿಲ್ಲ.

ಕೆರಿಯಪ್ಪ ಅಂಗಳದ ಕಡೆ ನೋಡುತ್ತಿದ್ದ.

"ನಾನೇ ಕಡಿಮೆ ಹಾಕ್ದೆ. ಅಷ್ಟು ಮಳೆ ಅವ್ರಿಗೆ ಬ್ಯಾಡ ಅಂತ ಕಾಣ್ತು. ಈಗ ಸರಿ ಬರ್ತಿದೆ ಅಂತ ಮೆಸೇಜೂ ಬಂತು."

"ಅದಕ್ಕೂ ಕಾಲಂ ಅಂತ್ಲೇ ಹಾಕ್ಬಿಡಿ ಅಮ್ಮ," ಎಂದಳು ದುಗ್ಗಮ್ಮ. "ಯಾರು ನೋಡ್ತಾರೆ."

ಸಮತಾಳಿಗೂ ಅದು ಸುಲಭವೆನಿಸಿತು. ಒಂದು ತಪ್ಪಿನ ಅಡಿಯಲ್ಲಿ ಇನ್ನೊಂದು ಸಲೀಸಾಗಿ ಮುಚ್ಚಿಹೋಗುತ್ತಿತ್ತು. ಬೇಕೆಂದೇ ಸುಳ್ಳು ಅಂಕಿ ಹಾಕಿದ್ದು ಗೊತ್ತಾದರೆ ಮಾಪಕ ಹೋಗುವುದು ಖಂಡಿತ.

"ಬ್ಯಾಡ," ಎಂದ ಕೆರಿಯಪ್ಪ. "ಅದು ಕಾಲಂ ಮಾಡಿದ್ದಲ್ಲ. ಬರೀರಿ: ನೋಟಿಸಿಗೆ ಹೆದರಿ ಕಡಿಮೆ ಬರೆದೆ, ಕೆರಿಯಪ್ಪ."

ಬರೆದಳು. ಪುಟವನ್ನು ಮತ್ತೆ ತೆರೆದಾಗ ಎಂಟು ಸಾಲುಗಳಲ್ಲಿ 'ನೋಟಿಸಿಗೆ ಹೆದರಿ ಕಡಿಮೆ' ಎಂದಷ್ಟೇ ಇತ್ತು. ಮೇಲಿನ ಹತ್ತೊಂಬತ್ತರಲ್ಲಿ 'ಕಾಲಂ ಸಾಲಲಿಲ್ಲ, ತಪ್ಪು'. ಕಾರಣಕ್ಕೆ ಇಪ್ಪತ್ತೇ ಅಕ್ಷರದ ಜಾಗ, ಗುಣಿತ ಒತ್ತುಗಳೂ ಬೇರೆ ಬೇರೆಯಾಗಿ ಲೆಕ್ಕಕ್ಕೆ. ಇಬ್ಬರ ಹೆಸರೂ ಉದುರಿಹೋಗಿತ್ತು.

"ಹೋಗ್ಲಿ ಬಿಡಿ, ದೇವ್ರೇ ಒರೆಸಿದ," ಎಂದಳು ದುಗ್ಗಮ್ಮ.

ಸಮತಾ ಆ ಕಾಲಂ ಕೂಡ ಅಗಲ ಮಾಡಿ, ಇಪ್ಪತ್ತೇಳು ಸಾಲನ್ನೂ ಮತ್ತೆ ತುಂಬಿದಳು. ನಡೆದದ್ದನ್ನೆಲ್ಲ ಬರೆದು ಸಂಸ್ಥೆಗೆ ಮೇಲ್ ಕಳಿಸಿದಳು. ಮಧ್ಯಾಹ್ನದ ಬಸ್ಸು ತಪ್ಪಿತು.

ಸಾಗರದಿಂದ ಬಂದ ಉತ್ತರ ಒಂದೇ ಸಾಲು: ಹೊಸ ಹೆಸರು ಸೇರಿಸುವುದು ಬೇಡ. ಆಗಸ್ಟ್ ಒಂದರ ಬೆಳಿಗ್ಗೆ ಎಂಟೂವರೆಗೆ ಹುಲಿಕಲ್‌ನಿಂದ 154.6 ಬಂತು. ಧನ್ಯವಾದ ಎಂದಿರುತ್ತಿದ್ದ ಜಾಗದಲ್ಲಿ ಈಗ, ಸಮತಾ ತಿದ್ದಿದ ಪುಟ ತಾನು ಬರೆದುಕೊಂಡ ಅಂಕಿಯನ್ನೇ ತಿರುಗಿ ತೋರಿಸುತ್ತಿತ್ತು.